ಕಾಸಾರಶಿರಸಿಯಿಂದ ಮದ್ದಿನ ಮನೆಗಳಿಗೆ

ದೀಪಾವಳಿಯ ಹೊತ್ತಿಗೆ ನಮ್ಮ ಕಾಸಾರಶಿರಸಿಯ ಸುತ್ತಲಿನ ಎರೆಹೊಲಗಳಲ್ಲಿ ಸೋಯಾಬೀನಿನ ರಾಶಿ ಮುಗಿದಿರುತ್ತದೆ. ತೊಗರಿ ಹೂವಿಗೆ ಬಂದಿರುತ್ತದೆ. ಬಿತ್ತಿದ ಬಿಳಿಜೋಳ ಆಗಷ್ಟೇ ಮೊಳೆತು ತಲೆಯೆತ್ತುತ್ತಿರುತ್ತದೆ. ಕಾಡುಹಂದಿಗಳ ಕಾಟ ಹೆಚ್ಚುವುದೂ ಆಗಲೇ. ರಾತ್ರಿಯೆಲ್ಲ ಹೊಲಗಳಿಂದ ಡಬ್ಬಿ ಬಡಿಯುವ ಸದ್ದು, ನಡುನಡುವೆ ಪಟಾಕಿಯ ಸದ್ದು ಊರಿನವರೆಗೆ ಕೇಳಿಬರುತ್ತವೆ. ಆ ಸದ್ದು ಕೇಳಿದಾಗಲೆಲ್ಲ ನನಗೆ ಒಬ್ಬ ಕಕ್ಷಿದಾರರ ನೆನಪಾಗುತ್ತದೆ. ಅವರು ಕೇಳಿದ ಒಂದು ಪ್ರಶ್ನೆಯ ನೆನಪಾಗುತ್ತದೆ.

ಅವರು ನಮ್ಮ ಸುತ್ತಿನ ಒಂದು ಹಳ್ಳಿಯ ಹಿರಿಯ ರೈತರು. ತಂದೆಯ ಕಾಲದ ಒಂದು ಬಂದೂಕು ಅವರಲ್ಲಿತ್ತು. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗಜದಿಂದ ತುರುಕಿ, ಕೇಪು ಇಟ್ಟು ಹಾರಿಸುವ ಬಂದೂಕು. ಮಲೆನಾಡಿನವರು ಕೇಪಿನ ಕೋವಿ ಎನ್ನುವುದೂ, ನಮ್ಮ ನೆರೆಯ ಮರಾಠಿಯವರು ‘ಠಾಸಣೀಚೀ ಬಂದೂಕ’ ಎನ್ನುವುದೂ ಇದನ್ನೇ. ಪೀಕಿನ ರಕ್ಷಣೆಗೆಂದು ಕಾನೂನು ಇಂಥ ಬಂದೂಕಿಗೆ ಪರವಾನಗಿ ಕೊಡುತ್ತದೆ. ಆ ಪರವಾನಗಿಯ ನವೀಕರಣದ ಕಾಗದಪತ್ರ ಮಾಡಿಸಲು ಅವರು ನನ್ನಲ್ಲಿಗೆ ಬಂದಿದ್ದರು. ಸಹಿ ಮಾಡಿ ಎದ್ದವರು ಬಾಗಿಲ ಬಳಿ ನಿಂತು ಕೇಳಿದರು: “ಸಾಹೇಬ್ರ, ಹಳೀ ಕರೀ ಮದ್ದು ಈಗ ಸಿಗೂದಿಲ್ಲ. ಹೊಸಾ ತೋಟಾದಾಗಿಂದು ಹಾಕಿದ್ರ ನಡೀತದೇನ್ರೀ? ಮದ್ದು ಮದ್ದೇ ಅಲ್ರೀ?”

ಮುಂದಿನ ಕಕ್ಷಿದಾರರು ಕಾಯುತ್ತಿದ್ದರು. “ಬೇರೆ ತೋಟಾ ಇಟ್ಟುಕೊಳ್ಳಬೇಡಿ, ಪರವಾನಗಿಯಲ್ಲಿ ಅದಿಲ್ಲ” ಎಂದಷ್ಟೇ ಹೇಳಿದೆ. ಅವರು ಕೇಳಿದ್ದು ಅದನ್ನಲ್ಲ. ಅವರು ಕೇಳಿದ ಪ್ರಶ್ನೆಗೆ ಉತ್ತರ ನನಗೆ ಗೊತ್ತಿರಲಿಲ್ಲ. ಅದು ವಕೀಲನ ಪ್ರಶ್ನೆಯಲ್ಲವೆಂದು ಬಿಟ್ಟುಬಿಟ್ಟೆ. ಆ ವರ್ಷದ ಹಂಗಾಮಿನಲ್ಲೇ ಅವರು ಯಾರೋ ಕೊಟ್ಟ ಎರಡು ತೋಟಾ ಬಿಚ್ಚಿ, ಅದರೊಳಗಿನ ಮದ್ದನ್ನು ತಂದೆಯ ಕಾಲದ ಅದೇ ಅಳತೆಯ ಬಟ್ಟಲಿನಿಂದ ಅಳೆದು ನಳಿಗೆಗೆ ಸುರಿದರು. ಬಂದೂಕು ಮುಂದಕ್ಕೆ ಹಾರಲಿಲ್ಲ, ಪಕ್ಕಕ್ಕೆ ಸೀಳಿತು. ಎಡಗೈಯ ಎರಡು ಬೆರಳು ಹೋದವು. ಸೀಳಿದ ನಳಿಗೆ ಮುದ್ದೆಮಾಲಾಗಿ ನ್ಯಾಯಾಲಯಕ್ಕೆ ಬಂತು. ಆ ಮೊಕದ್ದಮೆ ಹೇಗೆ ಮುಗಿಯಿತೆಂಬುದು ಇಲ್ಲಿ ಮುಖ್ಯವಲ್ಲ. ಬೆರಳುಗಳು ಯಾವ ತೀರ್ಪಿನಿಂದಲೂ ಮರಳುವಂಥವಲ್ಲ.

ಭಾಷೆಯೂ ಅವರನ್ನು ದಾರಿ ತಪ್ಪಿಸಿತೆಂದು ನನಗೆ ಆಮೇಲೆ ತೋರಿತು. ಅಜ್ಜಿ ಕೆಮ್ಮಿಗೆ ಕೊಡುವುದೂ ನಮ್ಮ ಕನ್ನಡದಲ್ಲಿ ಮದ್ದು, ತೋಪಿಗೆ ತುಂಬುವುದೂ ಮದ್ದು. ಮರಾಠಿಯ ‘ದಾರೂ’ ಕೂಡ ಹಾಗೆಯೇ: ಕುಡಿಯುವುದೂ ದಾರೂ, ಸಿಡಿಯುವುದೂ ದಾರೂ, ದೀಪಾವಳಿಯ ಬಾಣಬಿರುಸು ‘ಶೋಭೇಚೀ ದಾರೂ’. ಮೂಲದ ಪಾರಸಿಯಲ್ಲಿ ಆ ಪದಕ್ಕೆ ಔಷಧಿ ಎಂದೇ ಅರ್ಥ. ಮೂರು ಭಾಷೆಗಳೂ ಸೇರಿ ಒಂದೇ ಹೆಸರಿನಲ್ಲಿ ಇಷ್ಟನ್ನು ಕಟ್ಟಿಟ್ಟಿರುವಾಗ, ರೈತರೊಬ್ಬರು ಮದ್ದು ಮದ್ದೇ ಎಂದುಕೊಂಡರೆ ಆಶ್ಚರ್ಯವೇನು?

ಕಳೆದ ದೀಪಾವಳಿಯ ರಜೆಯಲ್ಲಿ ಅಮೆರಿಕದಲ್ಲಿರುವ ನನ್ನ ಸೋದರಳಿಯ ಊರಿಗೆ ಬಂದಿದ್ದನು. ಅಲ್ಲಿ ಅವನಿಗೊಂದು ಹವ್ಯಾಸ. ಗುರಿ ಹೊಡೆಯುವ ಮೈದಾನಕ್ಕೆ ಹೋಗುತ್ತಾನೆ. ತನ್ನ ಮ್ಯಾಗ್ನಂ ರಿವಾಲ್ವರಿಗೆ ಬೇಕಾದ ತೋಟಾಗಳನ್ನು ಮನೆಯ ಮೇಜಿನ ಮೇಲೆ ತಾನೇ ತುಂಬಿಕೊಳ್ಳುತ್ತಾನೆ. ಸ್ವಂತ ಬಳಕೆಗಾಗಿ ಹೀಗೆ ತುಂಬಿಕೊಳ್ಳಲು ಅಲ್ಲಿ ಕೇಂದ್ರ ಸರಕಾರದ ಪರವಾನಗಿ ಬೇಕಿಲ್ಲ. ಅಂಗಡಿಯಲ್ಲಿ ಹತ್ತಾರು ಬಗೆಯ ಮದ್ದು ಸಾಲಾಗಿ ಇಟ್ಟಿರುತ್ತಾರಂತೆ. ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗ ಕಣ್ಣರಳಿಸಿ ಕೇಳುತ್ತಿದ್ದವನು, “ಭಾವಾ, ಎಲ್ಲಾನೂ ಮದ್ದೇ ಅಂದಮ್ಯಾಲ ಆರಿಸೂದು ಯಾಕ?” ಎಂದನು. ಅದೇ ಪ್ರಶ್ನೆ! ಎರಡನೆಯ ಸಲ ಅದನ್ನು ಬಾಗಿಲಿನಿಂದಾಚೆಗೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ಮರುದಿನ ಬೆಳಿಗ್ಗೆ ಮೂವರೂ ಕಾರು ಹತ್ತಿದೆವು. ಉದಗೀರ, ಬೀದರ, ನಳದುರ್ಗ: ನಮ್ಮ ಮಗ್ಗುಲಲ್ಲೇ ಇರುವ ಮೂರು ಕೋಟೆಯೂರುಗಳು, ಎರಡು ದಿನದ ದಾರಿ.

ನೀಲಕಂಠೇಶ್ವರನಿಗೆ ಕೈಮುಗಿದು ನಿಲಂಗಾ ದಾಟಿ, ಗೋತಳಿಗೆ ಹೆಸರಾದ ದೇವಣಿಯ ದಾರಿ ಹಿಡಿದೆವು. ಉದಗೀರ ಸೇರುವಾಗ ಬಿಸಿಲೇರಿತ್ತು. ಕೋಟೆಯ ಸುತ್ತ ಆಳವಾದ ಕಂದಕ; ಒಳಗೆ ಊರಿಗೆ ಹೆಸರು ಕೊಟ್ಟರೆನ್ನಲಾದ ಉದಾಗಿರಿ ಬಾಬಾ ಅವರ ಮಠ. 1636ರಲ್ಲಿ ಶಹಾಜಹಾನನ ಸೇನೆ ಈ ಕೋಟೆಯನ್ನೂ ಔಸಾದ ಕೋಟೆಯನ್ನೂ ಗೆದ್ದಿತು. ಆದರೆ ಉದಗೀರದ ಹೆಸರು ಶಾಲೆಯ ಪುಸ್ತಕಕ್ಕೆ ಬಂದದ್ದು 1760ರ ಫೆಬ್ರುವರಿ 3ರಂದು ಮುಗಿದ ಕಾಳಗದಿಂದ. ಸದಾಶಿವರಾವ ಭಾವೂನ ಮರಾಠಾ ಸೇನೆ ಈ ಉದಗೀರ-ಔಸಾ ಸೀಮೆಯಲ್ಲಿ ನಿಜಾಮನ ಸೇನೆಯನ್ನು ಸೋಲಿಸಿತು. ಅಹಮದನಗರ, ದೌಲತಾಬಾದ, ಬುರ್ಹಾನಪುರ, ವಿಜಾಪುರಗಳು ಮರಾಠರ ಕೈಸೇರಿದವು. ಆ ಗೆಲುವಿನ ಬೆನ್ನಿಗಿದ್ದದ್ದು ಇಬ್ರಾಹಿಂ ಖಾನ್ ಗಾರ್ದಿಯ ತೋಪಖಾನೆ. ಫ್ರೆಂಚ್ ಸೇನಾನಿ ಬುಸ್ಸಿಯ ಕೈಕೆಳಗೆ ಪಳಗಿದ್ದ ಅವನು ಮೊದಲು ನಿಜಾಮನ ಕಡೆಯವನೇ ಆಗಿದ್ದನು. ಮರುವರ್ಷವೇ, 1761ರ ಜನವರಿ 14ರಂದು, ಭಾವೂ ಪಾಣಿಪತದಲ್ಲಿ ಮಡಿದನು. ಗಾರ್ದಿ ಸೆರೆಸಿಕ್ಕು ಕೊಲ್ಲಲ್ಪಟ್ಟನು.

ಬುರುಜಿನ ನೆರಳಲ್ಲಿ ಬುತ್ತಿ ಬಿಚ್ಚಿ ಕುಳಿತಾಗ ಸೋದರಳಿಯ ಹೇಳಿದ ಮಾತು ನನಗೆ ಹೊಸದಾಗಿತ್ತು. ಐರೋಪ್ಯ ಪದ್ಧತಿಯ ಕವಾಯತು ಕಲಿತ ಸಿಪಾಯಿ ರಣರಂಗದಲ್ಲಿ ನಿಂತು ಮದ್ದು ಅಳೆಯುತ್ತಿರಲಿಲ್ಲ. ಒಂದು ಸಲಕ್ಕೆ ಬೇಕಾದಷ್ಟನ್ನು ಮೊದಲೇ ಅಳೆದು ಗುಂಡಿನೊಡನೆ ಕಾಗದದ ಕೊಳವೆಯಲ್ಲಿ ಕಟ್ಟಿಟ್ಟಿರುತ್ತಿದ್ದರು. ಅದನ್ನು ಹಲ್ಲಿನಿಂದ ಕಚ್ಚಿ ಹರಿದು ನಳಿಗೆಗೆ ಸುರಿಯುವುದಷ್ಟೇ ಕೆಲಸ. ಇಂದಿನ ಹಿತ್ತಾಳೆಯ ತೋಟಾ ಆ ಕಾಗದದ ಕೊಳವೆಯ ಮೊಮ್ಮಗ. “ಹೆದರಿದ ಮನುಷ್ಯನ ಕೈಗೆ ಅಳತೆ ಒಪ್ಪಿಸಬಾರದು ಅಂತ ಆಗಲೇ ತಿಳ್ಕೊಂಡಿದ್ರು, ಮಾಮಾ” ಎಂದನು.

ಕಮಲನಗರ, ಭಾಲ್ಕಿಗಳ ಮೇಲಿಂದ ಬೀದರಿಗೆ ಸಾಗುವಾಗ ಅವನು ಮಗನ ಪ್ರಶ್ನೆಗೆ ಉತ್ತರ ಕೊಟ್ಟನು. ನನಗೆ ಅರ್ಥವಾದಷ್ಟನ್ನು ಬರೆಯುತ್ತೇನೆ.

ಹಳೆಯ ಕರಿಮದ್ದು ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣ. ಅದರಲ್ಲಿ ಆಯ್ಕೆಯೆಂದರೆ ಮುಖ್ಯವಾಗಿ ಹರಳಿನ ಗಾತ್ರದ ಆಯ್ಕೆ. ಸಣ್ಣ ಹರಳು ಬೇಗ ಉರಿಯುತ್ತದೆ, ದಪ್ಪ ಹರಳು ನಿಧಾನವಾಗಿ ಉರಿಯುತ್ತದೆ. ಆದ್ದರಿಂದ ಕೈಬಂದೂಕಿಗೆ ಸಣ್ಣದು, ದೊಡ್ಡ ತೋಪಿಗೆ ದಪ್ಪದ್ದು. ತೋಪಿನ ಭಾರವಾದ ಗುಂಡು ಅಲುಗಿ ಚಲಿಸುವುದಕ್ಕೆ ಹೊತ್ತು ಬೇಕು. ಅಷ್ಟರೊಳಗೆ ಮದ್ದೆಲ್ಲ ಒಮ್ಮೆಗೇ ಉರಿದರೆ ತೋಪೇ ಸಿಡಿದೀತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಎಂಬ ರಸಾಯನಶಾಸ್ತ್ರಜ್ಞನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದನು. ಅದು ಬೇರೆಯೇ ಜಾತಿ. ನಾರಿನ ಪದಾರ್ಥವನ್ನು ಆಮ್ಲಗಳಿಂದ ಸಂಸ್ಕರಿಸಿ ಮಾಡಿದ್ದು. ಕೆಲವೇ ವರ್ಷಗಳಲ್ಲಿ ಅದು ಜಗತ್ತನ್ನೆಲ್ಲ ಹಬ್ಬಿತು. ನೀಲಗಿರಿಯ ಅರುವಂಕಾಡಿನಲ್ಲಿ 1903ರಲ್ಲಿ ಆರಂಭವಾದ ಸರಕಾರಿ ಕಾರ್ಖಾನೆಯೂ ಈ ಜಾತಿಯ ಮದ್ದಿಗಾಗಿಯೇ ಹುಟ್ಟಿದ್ದು. ಬಟ್ಟಲು ಒಂದೇ ಆದರೂ ಈ ಮದ್ದಿನ ಕಸುವು ಕರಿಮದ್ದಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಜೊತೆಗೆ ಇನ್ನೊಂದು ಗುಣ: ಇಕ್ಕಟ್ಟಾದಷ್ಟೂ, ಒತ್ತಡ ಏರಿದಷ್ಟೂ ಅದು ಇನ್ನೂ ವೇಗವಾಗಿ ಉರಿಯುತ್ತದೆ. ಕರಿಮದ್ದಿನ ಲೆಕ್ಕದಲ್ಲಿ ಮಾಡಿದ ಹಳೆಯ ಕಬ್ಬಿಣದ ನಳಿಗೆ ಅದನ್ನು ತಡೆಯಲಾರದು.

ನಮ್ಮ ರೈತರ ಬೆರಳು ಹೋದದ್ದು ಏಕೆಂದು ನನಗೆ ಸರಿಯಾಗಿ ತಿಳಿದದ್ದು ಭಾಲ್ಕಿಯ ಆ ರಸ್ತೆಯ ಮೇಲೆ.

“ಹೊಸ ರಿವಾಲ್ವರಿಗಾದರೆ ಹೊಸ ಮದ್ದು ಯಾವುದಾದರೂ ನಡೆಯಬೇಕಲ್ಲ?” ಎಂದೆ. ಅವನು ನಕ್ಕು ತಲೆಯಲ್ಲಾಡಿಸಿದನು. ಮ್ಯಾಗ್ನಂ ಎಂದರೆ ಲ್ಯಾಟಿನ್ನಿನಲ್ಲಿ ದೊಡ್ಡದು. 1935ರಲ್ಲಿ .357 ಮ್ಯಾಗ್ನಂ ರಿವಾಲ್ವರು ಬಂದಾಗ ಅದರ ತೋಟಾದ ಕೋಶವನ್ನು ಹಳೆಯ .38 ಸ್ಪೆಷಲ್ ತೋಟಾಕ್ಕಿಂತ ಸುಮಾರು 3 ಮಿಲಿಮೀಟರು ಉದ್ದ ಮಾಡಿದರು. ಗುಂಡಿನ ದಪ್ಪ ಎರಡಕ್ಕೂ ಒಂದೇ. ಉದ್ದ ಮಾಡಿದ್ದರ ಉದ್ದೇಶ, ಈ ಬಲವಾದ ತೋಟಾ ಅಪ್ಪಿತಪ್ಪಿಯೂ ಹಳೆಯ ದುರ್ಬಲ ರಿವಾಲ್ವರಿನ ಕೋಣೆಯೊಳಗೆ ಕೂರಬಾರದು ಎಂಬುದು. ಈ ಮಾತು ನನ್ನೊಳಗಿನ ವಕೀಲನಿಗೆ ಬಹಳ ಹಿಡಿಸಿತು. ಕಾಗದದ ಮೇಲೆ ಬರೆದ ನಿಯಮವನ್ನು ಮುರಿಯಬಹುದು. ಹಿತ್ತಾಳೆಯಲ್ಲೇ ಬರೆದ ನಿಯಮವನ್ನು ಮುರಿಯುವುದು ಕಷ್ಟ.

ಆದರೆ ಮನೆಯಲ್ಲಿ ತುಂಬುವವನಿಗೆ ಆ ರಕ್ಷಣೆಯೂ ಸಾಲದು. ಬೇಗ ಉರಿಯುವ ಮದ್ದಾದರೆ ಆ ಉದ್ದನೆಯ ಕೋಶದ ತಳದಲ್ಲಿ ಚಿಟಿಕೆಯಷ್ಟೇ ಸಾಕು. ಮೈಮರೆತು ಎರಡನೆಯ ಸಲ ಸುರಿದರೂ ಕೋಶ ತುಂಬಿ ಚೆಲ್ಲುವುದಿಲ್ಲ, ಕಣ್ಣಿಗೆ ತಪ್ಪು ಬೀಳುವುದಿಲ್ಲ. ಹಾರಿಸಿದಾಗ ರಿವಾಲ್ವರು ಒಡೆಯುತ್ತದೆ. ನಿಧಾನವಾಗಿ ಉರಿಯುವ ಮದ್ದು ಕೋಶವನ್ನು ಬಹುಪಾಲು ತುಂಬುವುದರಿಂದ ಎರಡು ಸಲ ಸುರಿದರೆ ಒಡನೆ ಗೊತ್ತಾಗುತ್ತದೆ. ಮ್ಯಾಗ್ನಂಗೆ ತಕ್ಕ ವೇಗವನ್ನೂ ಅದೇ ಕೊಡುತ್ತದೆ. ಹಾಗೆಂದು ಅದನ್ನು ಜಿಪುಣತನದಿಂದ ಕಡಿಮೆ ಹಾಕುವಂತೆಯೂ ಇಲ್ಲ. ಕೆಲವು ಮದ್ದುಗಳು ಕಡಿಮೆಯಾದರೆ ಸರಿಯಾಗಿ ಹೊತ್ತಿಕೊಳ್ಳದೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ಮುಗಿಯಿತು. ಆದ್ದರಿಂದ ತಯಾರಕರು ಪರೀಕ್ಷಿಸಿ ಅಚ್ಚುಮಾಡಿದ ಕೈಪಿಡಿಯ ಅಂಕಿಯನ್ನು ಬಿಟ್ಟು ಕೂದಲೆಳೆಯಷ್ಟೂ ಸರಿಯುವುದಿಲ್ಲ, ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ ಇಡುತ್ತೇನೆ ಎಂದನು. ಮಗನ ಉತ್ಸಾಹ ಸ್ವಲ್ಪ ಇಳಿದಿತ್ತು. ಆಟವೆಂದುಕೊಂಡದ್ದು ಲೆಕ್ಕದ ತರಗತಿಯಾಗಿತ್ತು.

ಬೀದರಕ್ಕೆ ಹೋಗುವುದೆಂದರೆ ನಮಗೆ ಪರವೂರಿಗೆ ಹೋದಂತಲ್ಲ. 1956ರ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಬೀದರ ಜಿಲ್ಲೆಯವೇ ಆಗಿದ್ದವು. ಅಂದು ಅವು ಮುಂಬಯಿ ರಾಜ್ಯಕ್ಕೆ, ಬೀದರ ಮೈಸೂರಿಗೆ ಸೇರಿದವು. ಹಳೆಯ ಜಮೀನಿನ ಕಾಗದಗಳಲ್ಲಿ ಈಗಲೂ ನಾನು ಬೀದರ ಜಿಲ್ಲೆಯೆಂದೇ ಓದುತ್ತೇನೆ. ರಾತ್ರಿ ಅಲ್ಲಿನ ನೆಂಟರ ಮನೆಯಲ್ಲಿ ತಂಗಿ, ಬೆಳಗಾಗುತ್ತಲೇ ಮಹಮೂದ ಗಾವಾನನ ಮದರಸಾ ನೋಡಲು ಹೋದೆವು.

ಮೂರು ಅಂತಸ್ತಿನ ಈ ವಿದ್ಯಾಲಯವನ್ನು ಬಹಮನಿ ಸುಲ್ತಾನರ ಪ್ರಧಾನಿಯಾಗಿದ್ದ ಗಾವಾನನು 1472ರಲ್ಲಿ ಕಟ್ಟಿಸಿದನು. ಓದುವವರಿಗೆ ಕೋಣೆಗಳು, ಗ್ರಂಥಭಂಡಾರ, ಗೋಡೆಗೆ ಬಣ್ಣದ ಹೊಳಪಿನ ಹಂಚುಗಳು. ಇಂದು ಒಂದು ಮಿನಾರು ನಿಂತಿದೆ; ಅದರ ಜೊತೆಯ ಇನ್ನೊಂದು ಇಲ್ಲ. ಮುಂಭಾಗದ ಒಂದು ಪಕ್ಕ ಕಿತ್ತುಹೋದಂತೆ ಬೋಳಾಗಿದೆ. ಔರಂಗಜೇಬನು ಬೀದರವನ್ನು ಗೆದ್ದ ಮೇಲೆ ಈ ಕಟ್ಟಡ ಸೈನಿಕರ ವಸತಿಯಾಯಿತು. ಕೆಲವು ಕೋಣೆಗಳಲ್ಲಿ ಮದ್ದು ತುಂಬಿದರು. 17ನೆಯ ಶತಮಾನದ ಕೊನೆಯ ದಶಕದಲ್ಲಿ ಆ ಮದ್ದು ಸಿಡಿದು ಕಟ್ಟಡದ ಆ ಪಾಲು ಉರುಳಿತು. ಸಿಡಿಲು ಬಡಿಯಿತೆಂದು ಹೇಳುವವರೂ ಇದ್ದಾರೆ.

ಮಗ ಬಹಳ ಹೊತ್ತು ಆ ಬೋಳು ಪಕ್ಕವನ್ನೇ ನೋಡಿದನು. “ಸಾಲಿ ಒಳಗ ಮದ್ದು ಇಟ್ಟಿದ್ರೇನಪ್ಪಾ?” ಎಂದನು. ಹೌದು ಎಂದೆ. ಮದ್ದಿನ ಮನೆ ಎಲ್ಲಿರಬೇಕು ಎಂಬುದು ಹಳಬರಿಗೆ ಗೊತ್ತಿಲ್ಲದ ವಿದ್ಯೆಯಾಗಿರಲಿಲ್ಲ. ಜನವಸತಿಯಿಂದ ದೂರ, ತೇವ ತಾಗದ ಕಡೆ, ದಪ್ಪ ಗೋಡೆಯ ಒಳಗೆ, ಒಲೆ-ದೀಪಗಳಿಂದ ಆಚೆ. ಕಿಡಿ ಹಾರದಂತೆ ಕಬ್ಬಿಣದ ಬದಲು ಮರದ ಇಲ್ಲವೆ ತಾಮ್ರದ ಸಲಕರಣೆ. ಇಷ್ಟೆಲ್ಲ ತಿಳಿದಿದ್ದೂ ಯಾರೋ ಒಬ್ಬ ಅಧಿಕಾರಿ ತನ್ನ ಅನುಕೂಲಕ್ಕಾಗಿ ಓದುವ ಕೋಣೆಯನ್ನು ಆರಿಸಿಕೊಂಡನು.

ಗಾವಾನನಿಗೂ ಮದ್ದಿಗೂ ಇನ್ನೊಂದು ನಂಟಿದೆ. 1473ರ ಬೆಳಗಾವಿಯ ಮುತ್ತಿಗೆಯಲ್ಲಿ ಅವನ ಸೇನೆ ಕೋಟೆಗೋಡೆಯ ಕೆಳಗೆ ಸುರಂಗ ತೋಡಿ ಮದ್ದು ತುಂಬಿ ಸಿಡಿಸಿತೆಂದು, ಮುಂದೆ ವಿಜಾಪುರದಲ್ಲಿದ್ದು ಇತಿಹಾಸ ಬರೆದ ಫಿರಿಶ್ತಾ ಹೇಳುತ್ತಾನೆ. ಅಂದರೆ ಶಾಲೆ ಕಟ್ಟಿದ ಮರುವರ್ಷವೇ. ಅವನ ಅಂತ್ಯವಂತೂ ವಕೀಲರೆಲ್ಲ ನೆನಪಿಡಬೇಕಾದದ್ದು. ವೈರಿಗಳು ಅವನ ಮುದ್ರೆಯೊತ್ತಿದ ಖಾಲಿ ಕಾಗದ ಗಿಟ್ಟಿಸಿ, ಅದರ ಮೇಲೆ ರಾಜದ್ರೋಹದ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. ಮುದ್ರೆ ತನ್ನದು, ಪತ್ರ ತನ್ನದಲ್ಲವೆಂದು ಅವನು ಹೇಳಿದ್ದನ್ನು ವಿಚಾರಿಸುವ ತಾಳ್ಮೆ ಸುಲ್ತಾನನಿಗಿರಲಿಲ್ಲ. 1481ರಲ್ಲಿ ಅಲ್ಲೇ ತಲೆ ಕಡಿಸಿದನು. ಬಹಮನಿ ರಾಜ್ಯ ಒಡೆದು ಐದಾದದ್ದು ಆಮೇಲಿನ ಕಥೆ.

ಹುಮನಾಬಾದದ ಬಳಿ ಹೆದ್ದಾರಿ ಸೇರಿ ಪಶ್ಚಿಮಕ್ಕೆ ತಿರುಗಿದೆವು. ಈಗ ಮಾತಿನ ಸರದಿ ನನ್ನದು. ಸೋದರಳಿಯ ತನ್ನೂರಿನಲ್ಲಿ ಮಾಡುವುದನ್ನು ಇಲ್ಲಿ ಮಾಡಿದರೆ ಏನಾಗುತ್ತದೆಂದು ಮಗನಿಗೆ ವಿವರಿಸಿದೆ, ಓದುಗರಿಗೂ ತಿಳಿದಿರಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಎಂಬ ಮಾತಿಗೆ ತುಂಬಿದ ತೋಟಾ ಎಂದಷ್ಟೇ ಅರ್ಥವಲ್ಲ. ಬಂದೂಕಿಗೆ ತುಂಬುವ ಮದ್ದೂ, ತೋಟಾದ ಭಾಗಗಳೂ, ಅದನ್ನು ತಯಾರಿಸುವ ಯಂತ್ರವೂ ಅದರೊಳಗೆ ಬರುತ್ತವೆ. ಪರವಾನಗಿಯಿಲ್ಲದೆ ಅದನ್ನು ತಯಾರಿಸಕೂಡದೆಂದು ಕಲಂ 5 ಹೇಳುತ್ತದೆ. ಬಂದೂಕಿನ ಪರವಾನಗಿ ಇದ್ದ ಮಾತ್ರಕ್ಕೆ ತಯಾರಿಕೆಯ ಪರವಾನಗಿ ಇದ್ದಂತಾಗುವುದಿಲ್ಲ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ ಸೆರೆ, ಜೀವಾವಧಿಯವರೆಗೂ ಹೋಗಬಹುದು. ಮದುವೆ ಮೆರವಣಿಗೆಯಲ್ಲಿ ಇತರರಿಗೆ ಅಪಾಯವಾಗುವಂತೆ ಗುಂಡು ಹಾರಿಸುವವರಿಗೂ ಅದೇ ತಿದ್ದುಪಡಿ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಗೊತ್ತುಮಾಡಿದೆ.

ಉಮರ್ಗಾ ದಾಟಿ ನಳದುರ್ಗ ಮುಟ್ಟಿದಾಗ ಮಧ್ಯಾಹ್ನ. ಬೋರಿ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡು, ಅದರ ಹೊಟ್ಟೆಯಲ್ಲೇ ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದ ಪಾನಿಮಹಲು. ನಮ್ಮ ಶಾಲೆಗಳ ಮಕ್ಕಳು ಪ್ರವಾಸಕ್ಕೆಂದು ಬಂದು ನೀರಿನ ಮೋಜು ನೋಡಿ ಹೋಗುವುದು ಇಲ್ಲಿಗೇ. ನಾವು ಮೊದಲು ಉಪಳಿ ಬುರುಜು ಹತ್ತಿದೆವು. ಮೇಲೆ ಉದ್ದನೆಯ ತೋಪುಗಳು ಬಿಸಿಲಿಗೆ ಕಾದು ಮಲಗಿವೆ. ಇಲ್ಲಿನ ಒಂದು ಬುರುಜಿಗೆ ಪರಂಡಾ ಎಂದು ಹೆಸರು. ಆ ಪರಂಡಾದ ಕೋಟೆಯಿಂದಲೇ ‘ಮಲಿಕ್-ಎ-ಮೈದಾನ’ ತೋಪು 1632ರಲ್ಲಿ ವಿಜಾಪುರಕ್ಕೆ ಹೋದದ್ದು. 1549ರಲ್ಲಿ ಎರಕ ಹೊಯ್ದ, ಸುಮಾರು 55 ಟನ್ನು ತೂಗುವ ಆ ತೋಪಿಗೆ ಬತ್ತಿಯಿಟ್ಟವನು ಸದ್ದಿಗೆ ಹೆದರಿ ಪಕ್ಕದ ನೀರಿನ ತೊಟ್ಟಿಗೆ ಧುಮುಕುತ್ತಿದ್ದನೆಂಬ ಕಥೆ ವಿಜಾಪುರದಲ್ಲಿ ಪ್ರಸಿದ್ಧ.

ಕೋಟೆಯೊಳಗೆ ಬಾರೂದಖಾನೆಯಿದೆ, ಅಂದರೆ ಮದ್ದಿನ ಮನೆ. ಅದೇ ಆವರಣದಲ್ಲಿ ಹಳೆಯ ಮುನಸೀಫ ಕೋರ್ಟಿನ ಪಾಳುಗೋಡೆಗಳೂ ಇವೆ. 1853ರಲ್ಲಿ ನಳದುರ್ಗ ಸೀಮೆ ಇಂಗ್ಲಿಷರ ಆಡಳಿತಕ್ಕೆ ಬಂದಾಗ, ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಇಲ್ಲಿಗೆ ಬಂದು ಆಡಳಿತ ನಡೆಸಿದನು. 1860ರಲ್ಲಿ ಸೀಮೆ ನಿಜಾಮನಿಗೆ ಮರಳಿತು. 1948ರ ಸೆಪ್ಟೆಂಬರ 13ರಂದು ಪೊಲೀಸ್ ಕಾರ್ಯಾಚರಣೆಯ ಮೊದಲ ದಿನವೇ ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ಬಂದು ನಳದುರ್ಗವನ್ನು ಹಿಡಿಯಿತು. ಮದ್ದಿನ ಮನೆಗೆ ಹೊಂದಿ ನ್ಯಾಯದ ಮನೆ ಇರುವುದನ್ನು ಕಂಡು ಸೋದರಳಿಯ ನಕ್ಕನು. ನನಗೆ ನಗು ಬರಲಿಲ್ಲ. ಮದ್ದು ಸಿಡಿದ ಮೇಲಷ್ಟೇ ಜನ ಕೋರ್ಟಿಗೆ ಬರುತ್ತಾರೆ. ಸಿಡಿಯುವ ಮೊದಲು ಬಂದವರೊಬ್ಬರನ್ನು ನಾನೇ ಹಾಗೆಯೇ ಕಳಿಸಿದ್ದೆ.

ಹಿಂದಿರುಗುವಾಗ ಉಮರ್ಗಾದಿಂದ ನಮ್ಮೂರ ದಾರಿಗೆ ಹೊರಳಿ, ಆ ರೈತರ ಹೊಲದ ಬಳಿ ಕಾರು ನಿಲ್ಲಿಸಿದೆ. ಸೂರ್ಯ ಮುಳುಗುತ್ತಿತ್ತು. ತೊಗರಿಯ ಸುತ್ತ ಗೂಟ ನೆಟ್ಟು ಬಣ್ಣಬಣ್ಣದ ಹಳೆಯ ಸೀರೆಗಳನ್ನು ಕಟ್ಟಿದ್ದರು. ಹಂದಿಗಳಿಗೆ ಈಗ ಅದೇ ಬೇಲಿ. ಪರವಾನಗಿಯನ್ನು ಅವರು ಎಂದೋ ಒಪ್ಪಿಸಿದ್ದಾರೆ. “ಅಂದು ನೀವು ಒಂದು ಮಾತು ಕೇಳಿದ್ದಿರಿ. ನಾನು ಉತ್ತರ ಕೊಡಲಿಲ್ಲ” ಎಂದೆ. ಅವರಿಗೆ ನೆನಪಿತ್ತು. ಕರಿಮದ್ದಿನ ನಳಿಗೆಗೆ ಬೇರೆ ಮದ್ದು ಏಕೆ ಕೂಡದೆಂದು ಸೋದರಳಿಯನಿಂದ ಹೇಳಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಮೂರು ಬೆರಳಿನ ಎಡಗೈ ನೋಡಿಕೊಂಡು, “ಬಟ್ಟಲಾ ಅದೇ ಇತ್ತ್ರೀ ಸಾಹೇಬ್ರ, ಅದಕ್ಕ ಧೈರ್ಯಾ ಮಾಡಿದೆ” ಎಂದರು.

ಅವರ ಅನುಮತಿ ಪಡೆದೇ ಇದನ್ನು ಬರೆದಿದ್ದೇನೆ. ನಮ್ಮ ಓದುಗರ ಮನೆಗಳಲ್ಲಿಯೂ ಅಟ್ಟದ ಮೇಲೆ ಅಜ್ಜನ ಬಂದೂಕು, ಡಬ್ಬಿಯಲ್ಲಿ ಹಳೆಯ ಮದ್ದು ಇದ್ದೀತು. ಪರವಾನಗಿ ಪಡೆದವರು ತೀರಿಹೋದ ಮೇಲೆ, ಇಲ್ಲವೆ ಅವಧಿ ಮುಗಿದ ಮೇಲೆ, ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಕಲಂ 21ರಂತೆ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಾಗಲಿ ಪರವಾನಗಿಯುಳ್ಳ ವ್ಯಾಪಾರಿಯಲ್ಲಾಗಲಿ ಒಪ್ಪಿಸಿ ಪಾವತಿ ಪಡೆಯಬೇಕು. ವಾರಸುದಾರರಿಗೆ ಬೇಕಿದ್ದರೆ ಆಮೇಲೆ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಬಹುದು. ಹಳೆಯ ಮದ್ದಿನ ಡಬ್ಬಿಯನ್ನು ತಾವೇ ಬಿಚ್ಚಲು, ಸುಡಲು, ಹೂಳಲು ಹೋಗಬಾರದು. ಇರುವಲ್ಲೇ ಬಿಟ್ಟು ಠಾಣೆಗೆ ತಿಳಿಸಬೇಕು. ಮಕ್ಕಳ ಕೈಗೆ ಅದು ಎಟುಕುವ ಮೊದಲೇ ಈ ಕೆಲಸವಾಗಲಿ.

ಹೊರಡುವಾಗ ರೈತರು ಬದುವಿನ ಗಿಡದಿಂದ ಸೀತಾಫಲ ಕಿತ್ತು ಟವೆಲಿನಲ್ಲಿ ಕಟ್ಟಿಕೊಟ್ಟರು. ಮಗ ಅದನ್ನು ಎರಡೂ ಕೈಯಿಂದ ಈಸಿಕೊಂಡನು.